ಎದುರು ಮನೆಯ ಬಿಳಿ ಮಾಳಿಗೆ

ನಮ್ಮ ಗಲ್ಲಿಯಲ್ಲಿ ಹೊಟ್ಟೆಕಿಚ್ಚನ್ನು ಬಹಿರಂಗವಾಗಿ ಪಡುವ ಧೈರ್ಯ ಇದ್ದದ್ದು ಸುಲೋಚನಕ್ಕನಿಗೆ ಮಾತ್ರ. ಉಳಿದ ನಾವು ಒಳಗೇ ಉರಿದುಕೊಂಡು ಮೇಲೆ ನಗುತ್ತಿದ್ದೆವು.

ಅವಳ ಗಂಡ ಗುರುಸಿದ್ದಪ್ಪನವರು ಧಾರವಾಡದ ಕಡೆಯಿಂದ ನಾಗಪುರದ ಮದ್ದುಗುಂಡು ತಯಾರಿಸುವ ಆರ್ಡ್‌ನನ್ಸ್ ಕಾರ್ಖಾನೆಗೆ ಬಂದು, ಇಲ್ಲೇ ನಿವೃತ್ತರಾಗಿ, ಇಲ್ಲೇ ಮನೆ ಕಟ್ಟಿಸಿದವರು. ಗಲ್ಲಿಯಲ್ಲಿ ನಮ್ಮಂಥ ಕನ್ನಡದ ಮನೆಗಳು ಏಳೆಂಟು. ಮೇ ತಿಂಗಳ ಬಿಸಿಲಿಗೆ ನಮಗೆಲ್ಲ ಆಸರೆಯೆಂದರೆ ಸುಲೋಚನಕ್ಕನ ಪಡಸಾಲೆಯ ದೊಡ್ಡ ಕೂಲರು. ಪ್ರತಿ ವರ್ಷ ತಾನೇ ಇತವಾರಿ ಪೇಟೆಗೆ ಹೋಗಿ, ಹತ್ತು ಅಂಗಡಿಯಲ್ಲಿ ಮೂಸಿ ನೋಡಿ, ಅದಕ್ಕೆ ಹೊಸ ಲಾವಂಚದ ಪರದೆ ತರುತ್ತಿದ್ದಳು. ಮಧ್ಯಾಹ್ನ ಊಟವಾದೊಡನೆ ಹೆಂಗಸರೆಲ್ಲ ಅಲ್ಲಿ ಸೇರುತ್ತಿದ್ದೆವು. ಕೂಲರಿನ ಎದುರು ಯಾರು ಕೂಡಬೇಕು, ಬಾಗಿಲ ಬಳಿ ಯಾರು ಎಂಬುದನ್ನೂ ಅವಳೇ ಹೇಳುತ್ತಿದ್ದಳು. ಎದುರು ಮನೆಯ ಪ್ರೇಮಾ ವಯಸ್ಸಿನಲ್ಲಿ ಚಿಕ್ಕವಳು, ಗಲ್ಲಿಗೂ ಹೊಸಬಳು. ಅವಳಿಗೆ ಯಾವಾಗಲೂ ಬಾಗಿಲೇ ಗತಿ.

ಈ ಸಲ ಏಪ್ರಿಲ್‌ನಲ್ಲಿ ಪಾಲಿಕೆಯಿಂದ ಒಬ್ಬ ಹುಡುಗಿ ಬಂದಳು. ವರ್ಷದಿಂದ ವರ್ಷಕ್ಕೆ ಏರುತ್ತಿರುವ ಬಿಸಿಲಿಗೆ ಏನಾದರೂ ಮಾಡಲೆಂದು ಸರ್ಕಾರ ದುಡ್ಡು ಕೊಟ್ಟಿದೆ, ತುಂಬ ಸೆಕೆಯಿರುವ ಮನೆಗಳ ಮಾಳಿಗೆಗೆ ಬಿಸಿಲು ಹೀರದ ಬಿಳಿ ಬಣ್ಣವನ್ನು ಪುಕ್ಕಟೆ ಹಚ್ಚಿಸುತ್ತಾರೆ ಎಂದಳು. ಪ್ರೇಮಾ ತನ್ನ ಮನೆಯೊಳಗೆ ಕೂಡುವುದೇ ಆಗುವುದಿಲ್ಲ ಎಂದು ಬರೆಸಿದಳು. ಸುಲೋಚನಕ್ಕ ಕೂಲರು ಜೋರು ಮಾಡಿ, ಹುಡುಗಿಗೆ ಮಜ್ಜಿಗೆ ಕೊಟ್ಟು, ತಮ್ಮ ಮನೆಯಲ್ಲಿ ಸೆಕೆ ಎಂಬುದೇ ಇಲ್ಲ, ಗಲ್ಲಿಯವರೆಲ್ಲ ತಣ್ಣಗಾಗಲು ಇಲ್ಲಿಗೇ ಬರುತ್ತಾರೆ ಎಂದು ಜಂಬ ಕೊಚ್ಚಿದಳು. ಹುಡುಗಿ ಅದನ್ನೂ ಹಾಗೆಯೇ ಬರೆದುಕೊಂಡಳು.

ಪ್ರೇಮಾಳ ಮನೆ ಪಟ್ಟಿಗೆ ಸೇರಿ ಮಾಳಿಗೆ ಬೆಳ್ಳಗಾಯಿತು; ಸುಲೋಚನಕ್ಕನ ಮನೆ ಸೇರಲಿಲ್ಲ. ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಗಿ ಕೂಲರು ನಿಂತಾಗ ನಾವು ಒಬ್ಬೊಬ್ಬರಾಗಿ ಎದ್ದು ಪ್ರೇಮಾಳ ಮನೆಗೆ ಹೋದೆವು. ಕರೆಂಟು ಬಂದ ಮೇಲೂ ವಾಪಸಾಗಲಿಲ್ಲ. ನಾನೂ ಆಗಲಿಲ್ಲ. ವಾರದೊಳಗೆ ಗುರುಸಿದ್ದಪ್ಪನವರೇ ಪೇಪರು ಬಗಲಲ್ಲಿಟ್ಟುಕೊಂಡು ಪ್ರೇಮಾಳ ಗಂಡನ ಜೊತೆ ಇಸ್ಪೀಟು ಆಡಲು ಹೊರಟರು.

ಸುಲೋಚನಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಬಣ್ಣ ಬಳಿದರೆ ಗುಡಿಸಲು ಅರಮನೆ ಆಗುತ್ತದೆಯೇ ಎಂದಳು. ಆ ಮಾಳಿಗೆಯ ಝಳಪಿಗೆ ತನ್ನ ಕಣ್ಣು ಹೋಗುತ್ತಿದೆ ಎಂದಳು. ಪ್ರೇಮಾ ಯಾರಿಗೂ ಜಾಗ ತೋರಿಸುವುದಿಲ್ಲ, ಬೇಕಾದಲ್ಲಿ ಕೂಡಿರಿ ಎನ್ನುತ್ತಾಳೆ ಎಂದು ಯಾರೋ ಹೇಳಿದ್ದು ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಕೊನೆಗೆ ಸಿವಿಲ್ ಲೈನ್ಸಿನ ಪಾಲಿಕೆ ಕಚೇರಿಗೆ ಮೂರು ಸಲ ಅಲೆದು, ಎರಡನೆಯ ಪಟ್ಟಿಗಾಗಿ ತನ್ನ ಮನೆಯನ್ನು ಮತ್ತೆ ನೋಡುವಂತೆ ಮಾಡಿದಳು. ಬಿಳಿ ಮಾಳಿಗೆಯೂ ತನ್ನದಾದರೆ ಜನ ತಾವಾಗಿಯೇ ಮರಳುತ್ತಾರೆ ಎಂದು ಅವಳು ನಂಬಿದ್ದಳು.

ಅದೇ ಹುಡುಗಿ ಬಂದಳು. ಸುದ್ದಿ ತಿಳಿದು ಗುರುಸಿದ್ದಪ್ಪನವರೂ ನಾನೂ ಪ್ರೇಮಾಳ ಮನೆಯಿಂದ ಎದ್ದು ಬಂದೆವು. ಈ ಸಲ ಸೆಕೆ ವಿಪರೀತ ಎಂದೇ ಸುಲೋಚನಕ್ಕ ಬರೆಸಿದಳು. ಮಧ್ಯಾಹ್ನ ಈ ಮನೆಯಲ್ಲಿ ಎಷ್ಟು ಜನ ಇರುತ್ತೀರಿ ಎಂದು ಹುಡುಗಿ ಮರಾಠಿಯಲ್ಲಿ ಕೇಳಿದಳು. ಹೆಚ್ಚು ಜನ ಇರುವ ಮನೆಗಳಿಗೆ ಮೊದಲು ಬಣ್ಣವಂತೆ. ಗುರುಸಿದ್ದಪ್ಪನವರು ಹೆಂಡತಿಗೆ ಎಂಟು ಬೆರಳು ತೋರಿಸಿದರು. ಸುಲೋಚನಕ್ಕ ಅವರನ್ನು ನೋಡಿದಳು, ನನ್ನನ್ನೂ ನೋಡಿದಳು.

"ಒಬ್ಬಾಕಿ," ಎಂದಳು. ಆಮೇಲೆ ಅದನ್ನೇ ಮರಾಠಿಯಲ್ಲಿ ಹೇಳಿದಳು. ಹುಡುಗಿ ಒಂದು ಎಂದು ಬರೆದುಕೊಂಡು ಹೋದಳು. ಬಣ್ಣ ಬರುವುದಿಲ್ಲ ಎಂದು ಅಲ್ಲಿದ್ದ ಮೂವರಿಗೂ ಗೊತ್ತಾಯಿತು.

ನನಗೆ ನಾಚಿಕೆಯಾಯಿತು. ನಾಳೆಯಿಂದ ಎಲ್ಲರೂ ಇಲ್ಲಿಗೇ ಬರುತ್ತೇವೆ ಎಂದೆ.

"ಬ್ಯಾಡವಾ. ಅಲ್ಲಿ ತಂಪೈತಿ, ನನಗ ಗೊತ್ತೈತಿ. ನೀವೆಲ್ಲಾ ವರ್ಧಾ ಊರಿಗಿ ಮದುವಿಗಿ ಹೋದ ದಿನ ಪ್ರೇಮಾ ನನ್ನ ಕಡೆ ಕೀಲಿ ಕೊಟ್ಟಿದ್ಲು. ಹೋಗಿ ಆಕೀ ಮನ್ಯಾಗ ನಟ್ಟನಡುವ ಮಲಗಿದ್ನಿ. ಪಂಖಾ ಸುದ್ದಾ ಹಚ್ಚಿರಲಿಲ್ಲ, ಸಂಜಿತನಕಾ ನಿದ್ದಿ ಹತ್ತಿತ್ತು. ಎಚ್ಚರಾದಾಗ ಆಕೀ ಮ್ಯಾಲಿನ ಸಿಟ್ಟು ಇನ್ನಷ್ಟು ಹೆಚ್ಚಾಗಿತ್ತು."