ಹಣ್ಣು ಬಿದ್ದ ಜಾಗ

ನಾಗರ ಪಂಚಮಿಯ ಮಾರನೇ ದಿನ ನಮ್ಮೂರಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ. ನ್ಯಾಮತಿ, ಹೊನ್ನಾಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶಾಲೆಯ ಗೇಟಿನಿಂದ ಹಿಡಿದು ಗೋವಿನಕೋವಿ ರಸ್ತೆ ಸೇರುವ ಕ್ರಾಸಿನವರೆಗೆ ಒಂದು ನಿಂಬೆಹಣ್ಣನ್ನು ಎಸೆಯುತ್ತಾ ಹೋಗಬೇಕು. ಹಣ್ಣು ಬಿದ್ದು, ಉರುಳಿ, ಎಲ್ಲಿ ನಿಲ್ಲುತ್ತದೋ ಅಲ್ಲೇ ನಿಂತು ಮುಂದಿನ ಎಸೆತ. ಮೇಲಿನ ಕೇರಿಯಿಂದ ಒಬ್ಬ, ನಮ್ಮ ಕೆಳಗಿನ ಕೇರಿಯಿಂದ ಒಬ್ಬ, ಸರದಿ ಪ್ರಕಾರ ಎಸೆಯಬೇಕು. ಕಡಿಮೆ ಎಸೆತದಲ್ಲಿ ಕ್ರಾಸ್ ಮುಟ್ಟಿದವನು ಗೆದ್ದ. ಸೋತ ಕೇರಿಯವರು ಗೆದ್ದವರಿಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಬೇಕು. ಇಷ್ಟೇ ಆಟ.

ಇಷ್ಟೇ ಆಟಕ್ಕೆ ನನ್ನ ಮೈ ಇನ್ನೂ ಉರಿಯುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಜಗಳೂರಿನ ಒಂದು ಹಾಸ್ಟೆಲಿನಲ್ಲಿ ಅಡುಗೆ ಕೆಲಸದಲ್ಲಿದ್ದೇನೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು, ಮದುವೆಯಾಗಿ ಮಕ್ಕಳಾದ ಮೇಲೆ ಹೊರಗಿನಿಂದ ಪರೀಕ್ಷೆ ಕಟ್ಟಿ ಎಸ್ಸೆಸ್ಸೆಲ್ಸಿ ಮುಗಿಸಿದವನು. ಹೆಂಡತಿ ಊರಲ್ಲೇ ಇದ್ದು ಎರಡು ಎಮ್ಮೆ ನೋಡಿಕೊಳ್ಳುತ್ತಾಳೆ. ಪಂಚಮಿಗೆ ಮಾತ್ರ ನಾನು ರಜೆ ತಪ್ಪಿಸುವುದಿಲ್ಲ. ಅದಕ್ಕೆ ಮೊದಲೇ ಹಾಸ್ಟೆಲಿನ ಹಿಂದಿನ ಬಯಲಲ್ಲಿ ಎಸೆದು ಎಸೆದು ತೋಳು ಪಳಗಿಸಿಕೊಳ್ಳುತ್ತೇನೆ. ಜಗಳೂರಲ್ಲಿ ಬಯಲಿಗೇನೂ ಬರವಿಲ್ಲ, ಗಾಳಿಗೂ ಇಲ್ಲ.

ಇದು ತೋಳಿನ ಆಟ ಎಂದುಕೊಂಡವರು ಅರ್ಧ ದಾರಿಗೇ ಸೋಲುತ್ತಾರೆ. ಮೊದಲು ಹಣ್ಣು. ಹಳದಿ ತಿರುಗಿದ ಹಣ್ಣು ಎರಡನೇ ಸಲ ನೆಲಕ್ಕೆ ಬಿದ್ದಾಗ ಒಡೆಯುತ್ತದೆ. ಸಿಪ್ಪೆ ದಪ್ಪ ಇರುವ, ಹಸಿರು ಬಿಡದ, ಕೈಗೆ ಭಾರ ಅನ್ನಿಸುವ ಕಾಯಿ ಆರಿಸಬೇಕು. ಆಮೇಲೆ ದಾರಿ. ಶಾಲೆಯಿಂದ ಹಿಟ್ಟಿನ ಗಿರಣಿವರೆಗೆ ನೇರ ಡಾಂಬರು, ಸ್ವಲ್ಪ ಇಳಿಜಾರು. ಅಲ್ಲಿ ಎತ್ತರಕ್ಕೆ ಎಸೆಯುವವನು ದಡ್ಡ. ಮೊಣಕಾಲೆತ್ತರದಲ್ಲಿ ಬೀಸಿದರೆ ಹಣ್ಣು ನೆಲ ಮುಟ್ಟಿ, ಎಗರಿ, ತಾನೇ ಉರುಳಿಕೊಂಡು ಹೋಗುತ್ತದೆ. ಗಿರಣಿ ದಾಟಿದರೆ ರಸ್ತೆ ಎಡಕ್ಕೆ ವಾಲುತ್ತದೆ, ಎಡಕ್ಕೇ ಚರಂಡಿ. ಬಲಗಡೆ ಮನೆಗಳ ಕಟ್ಟೆ ನೋಡಿಕೊಂಡು ಎಸೆಯಬೇಕು, ಚರಂಡಿಗೆ ಬಿದ್ದರೆ ಚರಂಡಿಯಲ್ಲೇ ನಿಂತು ಎಸೆಯಬೇಕು. ಕೊನೆಯಲ್ಲಿ ಚಾನಲ್, ಅಂದರೆ ನಾಲೆಯ ಸೇತುವೆ. ಅಲ್ಲಿ ಶ್ರಾವಣದ ಗಾಳಿ ಅಡ್ಡ ಬೀಸುತ್ತದೆ. ಗಾಳಿ ನಿಲ್ಲಲಿ ಎಂದು ಕಾಯುವವನ ಹಣ್ಣು ನೀರಿಗೇ ಹೋಗುವುದು. ಗಾಳಿ ಬೀಸುವಾಗಲೇ, ಅದರ ಎದುರಿಗೆ ಒಂದು ಮಾರು ಸರಿಸಿ ಎಸೆಯಬೇಕು.

ಗಿರಣಿಗೂ ಸೇತುವೆಗೂ ನಡುವೆ ಹನುಮಪ್ಪನ ಗುಡಿಯ ತಿರುವು. ಪಂದ್ಯ ತೀರ್ಮಾನವಾಗುವುದು ಅಲ್ಲೇ. ರಸ್ತೆ ಗುಡಿಯ ಅಂಗಳವನ್ನು ಬಳಸಿಕೊಂಡು ಲಾಳದ ಹಾಗೆ ತಿರುಗುತ್ತದೆ. ರಸ್ತೆ ಹಿಡಿದು ಹೋದರೆ ಮೂರು ಎಸೆತ. ಅಂಗಳದ ಮೇಲೆ ಹಾಯಿಸಿದರೆ ಒಂದು ಎಸೆತಕ್ಕೆ ಅಂಗಳ, ಇನ್ನೊಂದಕ್ಕೆ ಆಚೆ ರಸ್ತೆ.

ನನಗೆ ಆಟ ಕಲಿಸಿದವನು ನನ್ನಪ್ಪ. ನಮ್ಮ ಕೇರಿಗೆ ಅಷ್ಟು ವರ್ಷ ಎಸೆದವನು ಅವನೇ. ತಿರುವು ಬಂದಾಗ ಒಂದೇ ಮಾತು ಹೇಳುತ್ತಿದ್ದ: "ಆಸೆ ಮಾಡಬ್ಯಾಡ. ರಸ್ತೆ ಹಿಡಿ." ಮುಂದೆ ಮೇಲಿನ ಕೇರಿಯ ಅಡಿಕೆ ಮಂಡಿಯವರ ಕಣದ ಹತ್ತಿರವೂ ಅದೇ: "ಬಲಕ್ಕೆ ಹೋಗಬ್ಯಾಡ, ಚರಂಡಿಗೆ ಬಿದ್ರೂ ಚಿಂತಿಲ್ಲ, ಎಡಕ್ಕೇ ಹಾಕು." ಅದನ್ನು ನಾನು ಆಟದ ಗುಟ್ಟು ಎಂದುಕೊಂಡು ಕಲಿತೆ. ಅಪ್ಪ ಹೋದ ಮೇಲೆ ಹಾಗೇ ಎಸೆದೆ, ಪ್ರತಿ ಸಲ ಒಂದು ಎಸೆತಕ್ಕೋ ಎರಡಕ್ಕೋ ಸೋತೆ. ಮೇಲಿನ ಕೇರಿಯವರು ಮೆಣಸಿನಕಾಯಿ ಕಡಿಯುತ್ತಾ ನಗುತ್ತಿದ್ದರು. "ನಿಮ್ಮೋರಿಗೆ ತೋಳೇನೋ ಐತಪ್ಪ. ತಲೆ ಓಡ್ಸಾಕೆ ಬರಲ್ಲ."

ಒಂದು ದಿನ ಹಾಸ್ಟೆಲಿನಲ್ಲಿ ಮಧ್ಯಾಹ್ನದ ಪಾತ್ರೆ ತೊಳೆದು ಟೀವಿ ಮುಂದೆ ಕೂತಿದ್ದೆ. ಗಾಲ್ಫ್ ಬರುತ್ತಿತ್ತು. ಒಬ್ಬ ಹೊಡೆದ ಚೆಂಡು ಪೊದೆಯೊಳಗೆ ಬಿತ್ತು. ಅವನು ಪೊದೆಯೊಳಗೇ ಬಗ್ಗಿ ನಿಂತು ಹೊಡೆದ. ಯಾರೂ ಅವನನ್ನು ನಿನ್ನದು ಯಾವ ಕೇರಿ ಎಂದು ಕೇಳಲಿಲ್ಲ. ಹುಲ್ಲು, ಮರಳು, ನೀರು, ಗಾಳಿ, ಅವನು ಲೆಕ್ಕ ಹಾಕಬೇಕಾದದ್ದು ಅಷ್ಟೇ. ನನಗೆ ಅಲ್ಲೇ ತಲೆಗೆ ಹೊಡೆದ ಹಾಗಾಯಿತು. ನನ್ನಪ್ಪ ಗಾಳಿ ನೋಡಿ ಎಸೆದವನಲ್ಲ. ಹಣ್ಣು ಎಲ್ಲಿ ಬಿದ್ದರೆ ಲಾಭ ಎಂದು ನೋಡಿದವನಲ್ಲ, ಎಲ್ಲಿ ಬಿದ್ದರೆ ಹೋಗಿ ಎತ್ತಿಕೊಳ್ಳಬಹುದು ಎಂದು ನೋಡಿ ಎಸೆದವನು. ಅವನು ನನಗೆ ಕಲಿಸಿದ್ದು ದಾರಿಯಲ್ಲ, ಯಾರ ಅಂಗಳ ಯಾವುದು ಎಂಬುದು. ಅದನ್ನು ಬುದ್ಧಿ ಎಂದು ನಾನು ಇಷ್ಟು ವರ್ಷ ಹೊತ್ತುಕೊಂಡು ಓಡಾಡಿದೆ. ಮೇಲಿಂದ ಇವರು ನಮಗೆ ತಲೆ ಇಲ್ಲ ಎನ್ನುತ್ತಾರೆ!

ಅದರ ಮುಂದಿನ ಪಂಚಮಿಗೆ ಹೋದೆ. ಎದುರಾಳಿ ಅಡಿಕೆ ಮಂಡಿಯ ಮಗ, ನಾಲ್ಕನೇ ಕ್ಲಾಸಿನ ತನಕ ನನ್ನ ಪಕ್ಕ ಕೂತವನು. ಎಸೆತ ಎಣಿಸಲು ರಿಟೈರ್ ಆದ ಮಾಸ್ತರು. ಗುಡಿಯ ತಿರುವಿನವರೆಗೆ ಇಬ್ಬರದೂ ಸಮ. ಮಂಡಿಯವನು ಅಂಗಳಕ್ಕೆ ಹಾಯಿಸಿದ. ಸರದಿ ಬಂದಾಗ ಚಪ್ಪಲಿ ಬಿಟ್ಟು, ಹನುಮಪ್ಪನಿಗೆ ಕೈ ಮುಗಿದು, ಒಳಗಿನಿಂದಲೇ ಎಸೆಯುವುದು ಅವನ ರೂಢಿ. ಈಗ ನನ್ನ ಸರದಿ.

"ರಸ್ತೆ ಹಿಡಿಯಣ್ಣೋ!" ನಮ್ಮ ಹುಡುಗರು ಕೂಗಿದರು.

ನಾನು ಅಂಗಳಕ್ಕೆ ಹಾಕಿದೆ. ಹಣ್ಣು ದೀಪದ ಕಂಬಕ್ಕೆ ತಾಗಿ ಅದರ ಬುಡದಲ್ಲಿ ನಿಂತಿತು. ಮಂಡಿಯವನು ಒಳಗಿನಿಂದ ಎಸೆದು ಆಚೆ ರಸ್ತೆಗೆ ದಾಟಿಕೊಂಡ. ನಾನೂ ಚಪ್ಪಲಿ ಬಿಟ್ಟು ಮೆಟ್ಟಿಲ ಹತ್ತಿರ ಹೋದೆ. ಗುಡಿ ಕಮಿಟಿಯ ಯಜಮಾನರು ಅಡ್ಡ ಬಂದರು. ಬೈಯಲಿಲ್ಲ. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲವೇನೋ.

"ನೀ ಯಾಕಪ್ಪ ತ್ರಾಸ ತಗಂತೀಯ? ಅಲ್ಲೇ ಇರು. ಹಣ್ಣು ರಸ್ತೆಗೆ ತಂದು ಕೊಡ್ತಾರೆ. ಅಲ್ಲಿಂದ್ಲೇ ಎಸಿ. ನಿಂಗೇನು ಲುಕ್ಸಾನಿಲ್ಲ."

"ಬಿದ್ದ ಜಾಗದಾಗೆ ನಿಂತು ಎಸೀಬೇಕಲ್ಲ ಯಜಮಾನ್ರೇ. ಈಗ ಅವನೂ ಅಲ್ಲೇ ನಿಂತು ಎಸೆದ್ನಲ್ಲ?"

"ಅವನ ಮಾತು ಬ್ಯಾರೆ."

ಹಿಂದಿನಿಂದ ಯಾರೋ ಅಂದರು: "ಮನೆಯಾಗೆ ಬುದ್ಧನ ಫೋಟೊ ಇಟ್ಕಂಡೋರಿಗೆ ಹನುಮಪ್ಪನ ಅಂಗಳ ಯಾಕ್ರೀ ಬೇಕು?"

"ನಂಗೇನು ಬ್ಯಾಡ್ರಿ. ಹಣ್ಣು ಬಿದ್ದೈತೆ. ಯಾಕೆ ಬಿದ್ದೆ ಅಂತ ಅದನ್ನ ಕೇಳ್ರಿ."

ನಮ್ಮವರು ನಕ್ಕರು. ಯಜಮಾನರು ನಗಲಿಲ್ಲ. ಅವರು ಕಣ್ಸನ್ನೆ ಮಾಡಿದ್ದೇ ತಡ, ಒಬ್ಬ ಗುಡಿಯ ಮೂಲೆಯಿಂದ ಪೊರಕೆ ತಂದು, ನನ್ನ ಹಣ್ಣನ್ನು ಪೊರಕೆಯ ತುದಿಯಿಂದ ತಳ್ಳುತ್ತಾ ತಂದು ಮೆಟ್ಟಿಲಿನ ಮೇಲಿಂದ ಕೆಳಗೆ ಉರುಳಿಸಿದ. ಕೈಯಲ್ಲಿ ಎತ್ತಲಿಲ್ಲ. ನನ್ನ ಕೈ ಮುಟ್ಟಿದ ಹಣ್ಣಲ್ಲವೇ.

ಆ ಹಣ್ಣು ಒಂದೊಂದೇ ಮೆಟ್ಟಿಲು ಇಳಿದು ನನ್ನ ಕಾಲಿನ ಹತ್ತಿರ ಬಂದು ನಿಂತಿತು. ನಾನು ಎತ್ತಿಕೊಂಡೆ. ಯಜಮಾನರ ಪಕ್ಕದಿಂದಲೇ ಮೆಟ್ಟಿಲು ಹತ್ತಿ, ಕಂಬದ ಬುಡಕ್ಕೆ ಹೋಗಿ, ಹಣ್ಣು ನಿಂತಿದ್ದ ಜಾಗದಲ್ಲಿ ನಿಂತು ಎಸೆದೆ. ಜೀವಮಾನದಲ್ಲಿ ಅಂಥ ಎಸೆತ ಎಸೆದಿಲ್ಲ. ಹಣ್ಣು ತಿರುವು ದಾಟಿ, ಕಣದ ಬೇಲಿಯನ್ನೂ ದಾಟಿ ಹೋಯಿತು. ನಮ್ಮ ಕೇರಿಯವರು ಕೇಕೆ ಹಾಕಿದರು.

ಮಾಸ್ತರು ಕೈ ಎತ್ತಿದರು. "ಈ ಎಸೆತ ತಪ್ಪು."

"ಏನು ತಪ್ಪು ಮಾಸ್ತರೇ?"

"ಹಣ್ಣು ಬಂದು ನಿಂತಿದ್ದು ರಸ್ತೆ ಮ್ಯಾಲೆ. ನೀನು ಅದನ್ನ ಎತ್ಕಂಡು ಒಳಗೆ ಹೋಗಿ ಎಸೆದೆ. ಬಿದ್ದ ಜಾಗ ಬಿಟ್ಟು ಎಸೆದಂಗಾತು. ಒಂದು ಎಸೆತ ದಂಡ. ವಾಪಸ್ ಬಂದು ರಸ್ತೆಯಿಂದ ಎಸಿ."

ಅವರ ಪೊರಕೆ ನನ್ನ ಹಣ್ಣನ್ನು ತಳ್ಳಬಹುದು, ಅದಕ್ಕೆ ನಿಯಮವಿಲ್ಲ. ನನ್ನ ಕಾಲು ಹಣ್ಣಿನ ಹಿಂದೆ ಹೋದರೆ ನಿಯಮ! ನಾನು ಒಂದೇ ಉಸಿರಿನಲ್ಲಿ ಏನೇನೋ ಕೂಗಿದೆ. ನಮ್ಮವರೇ ನನ್ನನ್ನು ಹಿಡಿದು ರಸ್ತೆಗೆ ಎಳೆತಂದರು. ಒಂದು ಎಸೆತಕ್ಕೆ ಸೋತೆ.

ಮಂಡಕ್ಕಿ ಕೊಡಿಸುವಾಗ ನಮ್ಮ ಕೇರಿಯವರ ಬೈಗುಳವೂ ನನಗೇ. "ಸುಮ್ನೆ ರಸ್ತೆಯಿಂದ ಎಸೆದಿದ್ರೆ ಸೋಲ್ತಿರಲಿಲ್ಲ. ನಿನ್ನ ಹಟದಿಂದ ಹಾಳಾತು." ಮಾರನೇ ಬೆಳಿಗ್ಗೆ ಗುಡಿಯವರು ಪೈಪು ಹಿಡಿದು ಅಂಗಳ ತೊಳೆದರು. ಹಬ್ಬ ಆದ ಮೇಲೆ ತೊಳೆಯುವುದು ಪದ್ಧತಿಯಂತೆ. ತೊಳೆದದ್ದು ಮೆಟ್ಟಿಲಿನಿಂದ ಕಂಬದ ಬುಡದವರೆಗೆ ಮಾತ್ರ. ನಾನು ಬಸ್ಸಿಗೆ ಕಾಯುತ್ತಾ ಅದನ್ನು ನೋಡಿದೆ.

ಮರುವರ್ಷ ರಸ್ತೆ ಕೆಲಸದ ನೆಪ ಹೇಳಿ ಪಂದ್ಯ ನಡೆಸಲಿಲ್ಲ. ಈ ವರ್ಷ ಪಂಚಮಿಗೆ ಮುಂಚೆ ಮಂಡಿಯವನು ಜಗಳೂರಿಗೆ ಬಂದ. ಚನ್ನಗಿರಿಯಲ್ಲಿ ಅಡಿಕೆ ವ್ಯಾಪಾರ ಮುಗಿಸಿ, ಈ ಕಡೆ ಯಾರದೋ ಹೊಸ ತೋಟ ನೋಡಲು ಬಂದಿದ್ದನಂತೆ. ಅಡುಗೆಮನೆಯಲ್ಲೇ ಸ್ಟೂಲ್ ಹಾಕಿ ಕೂರಿಸಿ ಚಹಾ ಕೊಟ್ಟೆ. ಕುಡಿದ. ಇಲ್ಲಿ ಕುಡಿಯುತ್ತಾನೆ, ಊರಲ್ಲಿ ನಮ್ಮ ಮನೆಯಲ್ಲಿ ಇಲ್ಲ.

"ದೋಸ್ತ, ಈ ಸಲ ಜಗಳ ಬ್ಯಾಡ. ನಾನೇ ಎಲ್ರ ಹತ್ರ ಮಾತಾಡೀನಿ. ನಿಮಗೆ ಎರಡು ಎಸೆತ ಬಿಟ್ಟುಕೊಡ್ತೀವಿ. ಹಣ್ಣು ಗುಡಿ ಒಳಗೆ ಬಿದ್ರೆ ಮಾತ್ರ ನೀನು ಹೊರಗೆ ನಿಂತು ಎಸಿ. ಲೆಕ್ಕ ಹಾಕು, ನೀನೇ ಗೆಲ್ತೀಯ."

"ನೀನು ಹೊರಗೆ ನಿಂತು ಎಸಿತೀಯೇನು?"

"ನಾನ್ಯಾಕೆ ನಿಲ್ಲಲಿ?"

"ಹಂಗಾದ್ರೆ ಆ ಎರಡು ಎಸೆತ ನೀನೇ ಇಟ್ಕ."

"ಲೇ, ಆಟನ ಆಟ ಅಂತ ನೋಡೋ ಮಾರಾಯ."

"ಆಟ ಅಂತ ನೋಡ್ತಿರೋನು ಊರಾಗೆ ನಾನೊಬ್ನೇ ಕಣೋ."

ಅವನು ಕೆಟ್ಟವನಲ್ಲ. ಒಳ್ಳೆಯದು ಮಾಡಲೆಂದೇ ಬಂದಿದ್ದ. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ. ನನ್ನ ಕಾಲಿಗೆ ಎರಡು ಎಸೆತದ ಬೆಲೆ ಕಟ್ಟಿ, ಅದನ್ನು ಉಪಕಾರ ಎಂದು ತಂದಿದ್ದ.

ಊರಿಗೆ ಹೋದಾಗ ಹೆಂಡತಿಗೆ ಹೇಳಿದೆ. ಅವಳು ಎಮ್ಮೆಗೆ ಹುಲ್ಲು ಹಾಕುತ್ತಾ ಸಿಡುಕಿದಳು. "ನೀವು ಎಸೆದು ಬಸ್ ಹತ್ತಿ ಹೋಗ್ತೀರಿ. ದಿನಾ ಡೈರಿಯಾಗೆ ಅವ್ರ ಜೊತೆ ಸಾಲಿಗೆ ನಿಲ್ಲಾಕಿ ನಾನು. ಹೋದ ಸಲ ಒಂದು ತಿಂಗಳು ಒಬ್ರೂ ಮಾತಾಡಿಸ್ಲಿಲ್ಲ."

"ಹೋಗಬ್ಯಾಡ ಅಂತೀಯಾ?"

"ಅಂದ್ರೆ ಕೇಳ್ತೀರಾ?" ಅಂದಳು. ಅಷ್ಟೇ.

ಪಂದ್ಯದ ದಿನ ತಿರುವಿಗೆ ಬಂದೆವು. ಮಂಡಿಯವನು ಮೊದಲಿನ ಹಾಗೇ ಅಂಗಳಕ್ಕೆ ಹಾಯಿಸಿದ. ನಾನೂ ಹಾಯಿಸಿದೆ. ಅವನು ಒಳಗೆ ಹೋಗಿ ಎಸೆದು ಆಚೆ ರಸ್ತೆಗೆ ದಾಟಿಕೊಂಡ. ನನ್ನ ಸರದಿ ಬರುವಷ್ಟರಲ್ಲಿ ಯಜಮಾನರ ಕಡೆಯವರು ಮೆಟ್ಟಿಲ ತುಂಬ ಒತ್ತಾಗಿ ಕೂತುಬಿಟ್ಟಿದ್ದರು. ಜಗಳವಿಲ್ಲ, ಬೈಗುಳವಿಲ್ಲ, ಸುಮ್ಮನೆ ಕೂತಿದ್ದರು. ಒಬ್ಬ ಪೊರಕೆ ಹಿಡಿದು ಹಣ್ಣಿನ ಹತ್ತಿರ ಹೋದ.

"ಮುಟ್ಟಬ್ಯಾಡ!" ನಾನು ಕೂಗಿದ ಕೂಗಿಗೆ ಅವನು ನಿಂತ. "ಮಾಸ್ತರೇ, ನೀವೇ ಹೇಳ್ರಿ. ಸರದಿ ಇದ್ದೋನು ಬಿಟ್ಟು ಬ್ಯಾರೆಯವ್ರು ಹಣ್ಣು ಮುಟ್ಟಬಹುದಾ? ಹೋದ ಸಲ ನಂಗೆ ದಂಡ ಹಾಕಿದ್ರಲ್ಲ, ಈಗ ಆ ಪೊರಕೆಗೂ ಹಾಕ್ರಿ."

ಮಾಸ್ತರು ಮೇಲಿನ ಕೇರಿಯವರನ್ನು ನೋಡಿದರು, ನನ್ನನ್ನು ನೋಡಿದರು, ಕನ್ನಡಕ ತೆಗೆದು ಒರೆಸತೊಡಗಿದರು. "ಹೊಂದ್ಕಂಡು ಹೋಗ್ಬೇಕಪ್ಪ" ಎಂದರು.

"ಹೊಂದ್ಕಂಡಿದ್ದು ನಮ್ಮಪ್ಪ. ನನ್ನ ಕೈಲಾಗಲ್ಲ. ಹಣ್ಣು ಅಲ್ಲೈತೆ, ಸರದಿ ನಂದು. ದಾರಿ ಬಿಡೋತನಕ ಇಲ್ಲೇ ಇರ್ತೀನಿ. ಯಾರು ಎಸೀತೀರೋ ನೋಡ್ತೀನಿ."

ರಸ್ತೆಯ ಅಂಚಿಗೆ ಕೂತೆ. ನಾನು ಎಸೆಯದೆ ಮಂಡಿಯವನು ಎಸೆಯುವ ಹಾಗಿಲ್ಲ. ಅವನು ತಿರುವಿನ ಆಚೆ ಸುಮ್ಮನೆ ನಿಂತಿದ್ದ. ಸ್ವಲ್ಪ ಹೊತ್ತು ಕೂಗಾಟ ನಡೆಯಿತು. ಆಮೇಲೆ ನೋಡಲು ಬಂದವರು ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಮೆಟ್ಟಿಲ ಮೇಲಿನವರನ್ನು ಬಿಟ್ಟರೆ ನಮ್ಮ ಕೇರಿಯ ನಾಲ್ಕೈದು ಜನ ಮಾತ್ರ ಉಳಿದರು, ಅವರೂ ಗೊಣಗುತ್ತಲೇ. ಜಿಟಿಜಿಟಿ ಮಳೆ ಶುರುವಾಯಿತು. ಹೆಂಡತಿ ಬರುವುದು ಕಂಡಿತು. ಎಬ್ಬಿಸಿಕೊಂಡು ಹೋಗಲು ಬಂದಳು ಎಂದುಕೊಂಡೆ.

"ಯಾಕೆ ಬಂದೆ?"

"ಕೊಡೆ ಬಿಟ್ಟು ಬಂದೀರಿ" ಎಂದು ಕೊಡೆ ಬಿಚ್ಚಿ ಪಕ್ಕದಲ್ಲೇ ಕೂತಳು. ಮೆಟ್ಟಿಲ ಮೇಲೆ ಕೂತಿದ್ದವರ ಕಡೆ ನೋಡಿ ಜೋರಾಗಿಯೇ ಅಂದಳು: "ನಾಳೆ ಡೈರಿಯಾಗೆ ಸಿಗ್ತೀರಲ್ಲ, ಮಾತಾಡಬ್ಯಾಡ್ರಿ. ನಂಗೂ ಏನು ಬ್ಯಾಸರಿಲ್ಲ."

ಕತ್ತಲಾಗುವ ಮುಂಚೆ ಪೂಜಾರಿ ಬಂದು ಗುಡಿಯ ಅಂಗಳದ ಗೇಟು ಹಾಕಿದ. ಹಣ್ಣು ಒಳಗೇ ಉಳಿಯಿತು. ದಾರಿ ಬಿಡಲಿಲ್ಲ. ನಾನು ಎಸೆಯಲಿಲ್ಲ.

ಜಗಳೂರಿಗೆ ವಾಪಸ್ ಬಂದ ಮೇಲೆ ಮಾಸ್ತರು ಫೋನ್ ಮಾಡಿದರು. ಮೇಲಿನ ಕೇರಿ ಗೆದ್ದಿದೆ ಎಂದು ಎಲ್ಲರೂ ಹೇಳುತ್ತಿದ್ದಾರಂತೆ, ಮಂಡಕ್ಕಿ ಕೊಡಿಸಿ ಮುಗಿಸಿಬಿಡಿ ಎಂದರು.

"ಪಂದ್ಯ ಎಲ್ಲಿ ಮುಗಿದೈತೆ ಮಾಸ್ತರೇ?" ಎಂದೆ. "ನನ್ನ ಎಸೆತ ಬಾಕಿ ಐತೆ. ಗೇಟು ತೆಗಿಯಾಕೆ ಹೇಳ್ರಿ, ಮೊದಲ್ನೇ ಬಸ್ಸಿಗೆ ಬರ್ತೀನಿ."

ಮಾಸ್ತರು ಫೋನ್ ಇಟ್ಟರು.