"ಏನಾದ್ರೂ ಆದ್ರೆ?" ಒಬುಯಾ

ಕೀನ್ಯಾದ ಕಿಸುಮು ಊರಿನ ಒಬುಯಾನಿಗೆ ಮೀನು ಕಂಡರೆ ಮುಳ್ಳಿನ ಚಿಂತೆ, ಮತಾಟು ವ್ಯಾನು ಕಂಡರೆ ಬ್ರೇಕಿನ ಚಿಂತೆ; "ಏನಾದ್ರೂ ಆದ್ರೆ?" ಎನ್ನದೆ ಅವನು ಚಪ್ಪಲಿ ಕೂಡ ಮೆಟ್ಟುವವನಲ್ಲ. "ಸಾಕು ಸುಮ್ನಿರ್ರೀ" ಎಂದು ಹೆಂಡತಿ ಅವಿನೊ ಗದರುತ್ತಲೇ ಇರುತ್ತಾಳೆ. ಆದರೆ ಇಂಥ ಆತಂಕದ ಕಾಯಿಲೆಯವರಿಗಾಗಿ ಆಸ್ಪತ್ರೆಯಲ್ಲಿ ಮೊಬೈಲ್ ಆ್ಯಪ್ ತಯಾರಿಸುತ್ತಿರುವ ಎಂಜಿನಿಯರುಗಳು ಮಾತ್ರ ವಾರವಾರ ಇಬ್ಬರನ್ನೂ ಕರೆಸಿ, ಚಹಾ ಕೊಟ್ಟು, "ಇನ್ನೂ ಪ್ರಶ್ನೆ ಕೇಳಿ ಅಣ್ಣಾ" ಎಂದು ಗೋಗರೆಯುತ್ತಾರೆ. "ಕೈ ನಡುಗೋವಾಗ ಈ ಸಣ್ಣ ಗುಂಡಿ ಒತ್ತೋದು ಹೆಂಗೆ?" ಎಂದು ಇವನು, "'ಗಾಬರಿಯಾಗಬೇಡಿ' ಅಂತ ಬರ್ದಿದ್ದೀರಲ್ಲ, ಅದನ್ನ ಓದಿದ್ರೇ ಇವ್ರಿಗೆ ಗಾಬರಿ" ಎಂದು ಅವಳು. ಮೊನ್ನೆ ಒಬುಯಾ ನೆಮ್ಮದಿಯಾಗಿ ಚಹಾ ಮುಗಿಸಿ, "ಇವತ್ತು ಕೇಳೋಕೆ ಏನೂ ತೋಚ್ತಿಲ್ಲ" ಅಂದ. ಎಂಜಿನಿಯರುಗಳ ಎದೆ ಧಸಕ್ಕೆಂದಿತು: "ಅಯ್ಯೋ ಅಣ್ಣಾ, ಆಮೇಲೆ ಏನಾದ್ರೂ ಆದ್ರೆ?" ಒಬುಯಾ ಅವರ ಬೆನ್ನು ಸವರಿದ: "ಮೊದ್ಲು ನಿಧಾನಕ್ಕೆ ಉಸಿರು ಬಿಡ್ರಪ್ಪಾ."