ಪೋಪರ ದೂತನ ಚೀಲ ಸೇರಿದ ಲಕೋಟೆ

ಆ ಲಕೋಟೆಯನ್ನು ಬದಲಾಯಿಸಿದವನು ನಾನು. ಏಳು ಯುದ್ಧಕೈದಿಗಳ ಹೆಸರು ಹೊತ್ತು ರೋಮಿಗೆ ಹೋಗಬೇಕಾಗಿದ್ದ ಲಕೋಟೆ ನನ್ನ ಕೋಟಿನ ಒಳಜೇಬಿನಲ್ಲಿ ಉಳಿಯಿತು. ಅದರ ಜಾಗದಲ್ಲಿ ಹೋದದ್ದು ಕ್ರಿಸ್ಮಸ್ ತಿಂಡಿಯ ಪಟ್ಟಿ. ಎರಡು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ಆ ಏಳರಲ್ಲಿ ಮೂರನೆಯ ಹೆಸರಿನವನ ಹೆಂಡತಿ ನನ್ನ ಮುಖ ನೋಡಿ ಕೇಳಿದಳು. ನಾನೂ ಅವಳ ಮುಖ ನೋಡಿಯೇ ಸುಳ್ಳು ಹೇಳಿದೆ.

ಇಲ್ಲಿನ ನಮ್ಮ ಕರಾವಳಿ ಕ್ರೈಸ್ತರ ಸಂಘದ ಸಂಚಿಕೆಯವರು ಈ ಸಲವೂ ನನ್ನಿಂದ ನಗೆಬರಹ ಕೇಳಿದ್ದರು. "ಸಿಲ್ಲು ಮಾಮ್, ನಿಮ್ಮದೊಂದು ಹಳೇ ಕಿತಾಪತಿ ಬರೀರಿ, ಜನ ಮೊದಲು ಓದುವುದೇ ಅದನ್ನು." ಸರಿ, ಬರೆಯುತ್ತಿದ್ದೇನೆ. ನನ್ನ ಕಿತಾಪತಿಗಳಲ್ಲೆಲ್ಲ ದೊಡ್ಡದು ಇದೇ. ನಗು ಬಂದರೆ ನಗಿ.

ಸಿಲ್ಲು ಮಾಮ್, ಅಂದರೆ ಸಿಲ್ಲು ಮಾವ, ಯಾರೆಂದು ಅರಿಯದವರಿಗೆ ಎರಡು ಮಾತು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಟೈಪಿಂಗ್ ಸೆಂಟರಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕೂತವನು ನಾನು. ವೀಸಾ ಅರ್ಜಿ, ಬಾಡಿಗೆ ಕರಾರು, ಹುಟ್ಟು, ಮದುವೆ, ಸಾವು — ನಮ್ಮ ಕರಾವಳಿಯ ಅರ್ಧ ಜನರ ಬದುಕು ನನ್ನ ಹತ್ತು ಬೆರಳುಗಳ ಅಡಿಯಿಂದಲೇ ದಾಟಿಹೋಗಿದೆ. ಅತಿಶಯೋಕ್ತಿ ಅಲ್ಲ. ಆಗಲಿ, ಸ್ವಲ್ಪ ಅತಿಶಯೋಕ್ತಿ. ಕಿತಾಪತಿಯಲ್ಲಂತೂ ನನ್ನನ್ನು ಮೀರಿಸಿದವರು ಈ ಊರಲ್ಲಿ ಇಲ್ಲ. ಕಿನ್ನಿಗೋಳಿಯಿಂದ ಹೊಸದಾಗಿ ಬಂದ ಒಬ್ಬನಿಗೆ, ಇಲ್ಲಿನ ಮಾರ್ಕೆಟಿನಲ್ಲಿ ಬಂಗುಡೆ ಕೊಳ್ಳಬೇಕಾದರೆ ಪಾಸ್‌ಪೋರ್ಟಿನ ಎರಡು ಕಾಪಿ, ಒಂದು ಫೋಟೋ ಬೇಕೆಂದು ನಂಬಿಸಿ, ಅರ್ಜಿಯನ್ನೂ ಟೈಪ್ ಮಾಡಿ ಕೊಟ್ಟಿದ್ದೆ. ಮೀನಿನ ಬ್ಯಾರಿ ನನ್ನ ದೋಸ್ತಿ. ಅವನು ಅರ್ಜಿಯನ್ನು ಗಂಭೀರವಾಗಿ ಓದಿ, ಸಹಿ ಹಾಕಿ, "ಮಂಜೂರಾಗಿದೆ" ಎಂದು ಎರಡು ಕಿಲೋ ಕೊಟ್ಟ.

ನನ್ನ ಕಾಯಂ ಬಲಿಪಶು ಬೋನಿ. ಬೊನಿಫಾಸ್ — ಶಿರ್ವದವನು, ನನ್ನ ಶಾಲೆಯ ಗೆಳೆಯ, ನಮ್ಮ ಸಂಘದ ಆಗಿನ ಕಾರ್ಯದರ್ಶಿ. ಒಮ್ಮೆ ನಮ್ಮ ತೆನೆಹಬ್ಬವಾದ ಮೊಂತಿಯ ದಿನ ಅವನ ಭಾಷಣದ ಹಾಳೆ ತೆಗೆದು ಲಾಂಡ್ರಿಯ ಚೀಟಿ ಇಟ್ಟಿದ್ದೆ. ಅವನು ಮೈಕಿನ ಮುಂದೆ ಕನ್ನಡಕ ಸರಿಮಾಡಿಕೊಂಡು "ಪ್ರಿಯ ಸಹೋದರ ಸಹೋದರಿಯರೇ, ನಾಲ್ಕು ಪ್ಯಾಂಟು..." ಎಂದಾಗ ಸಭೆ ಬಿದ್ದು ಬಿದ್ದು ನಕ್ಕಿತು. ಬೋನಿಯೂ ನಕ್ಕ. ನಾನು ಎದ್ದು ನಿಂತು ಅಸಲಿ ಭಾಷಣ ಕೊಟ್ಟೆ. ನನಗೇ ಹೆಚ್ಚು ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ರುಚಿ — ಅದನ್ನು ಮತ್ತೊಮ್ಮೆ ಉಣ್ಣಬೇಕೆಂದೇ ಮುಂದಿನದನ್ನೆಲ್ಲ ಮಾಡಿದ್ದು.

ನಾನು ಸುಳ್ಳು ಹೇಳಿದ ಆ ಹೆಂಗಸು ಲವೀನಾ; ಬನಿಯಾಸಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಗಂಡ ಮೆಲ್ವಿನ್ ಬೇಕರಿಯಲ್ಲಿದ್ದ. ಬೇಕರಿ ಮುಚ್ಚಿತು, ವೀಸಾ ಮುಗಿಯುತ್ತ ಬಂತು. ದೇರಾದ ಒಬ್ಬ ಏಜೆಂಟ್, ರಷ್ಯಾದಲ್ಲಿ ಸೈನ್ಯದ ಅಡುಗೆಮನೆಗೆ ರೊಟ್ಟಿ ಸುಡುವವರು ಬೇಕು ಎಂದು ಹೇಳಿ ಅವನನ್ನು ವಿಮಾನ ಹತ್ತಿಸಿದ. ಅಲ್ಲಿ ಅವನಿಗೆ ಸಿಕ್ಕಿದ್ದು ಬಂದೂಕು. ಮೂರು ತಿಂಗಳಿಗೆ ಫೋನು ನಿಂತಿತು. ಅವನ ಜೊತೆಗಿದ್ದ ಒಬ್ಬ ಕೇರಳದ ಹುಡುಗ ಲವೀನಾಳಿಗೆ ಹೇಳಿದ್ದು ಇಷ್ಟೇ: ಆ ಕಡೆಯವರು, ಉಕ್ರೇನಿನವರು, ಅವನನ್ನು ಹಿಡಿದುಕೊಂಡು ಹೋದದ್ದನ್ನು ಕಂಡೆ, ಆಗ ಜೀವಂತ ಇದ್ದ. ಅವಳು ಹತ್ತದ ಕಚೇರಿಯ ಮೆಟ್ಟಿಲಿಲ್ಲ. ಎಲ್ಲರೂ "ವಿಚಾರಿಸುತ್ತೇವೆ" ಎಂದರು.

ಆಗಲೇ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಫಾದರ್ ಒಂದು ಸುದ್ದಿ ಕೊಟ್ಟರು. ಧರ್ಮಗಳ ನಡುವಿನ ಶಾಂತಿಸಭೆಯೊಂದಕ್ಕೆ ಪೋಪರ ದೂತರೊಬ್ಬರು ಅಬುಧಾಬಿಗೆ ಬರುತ್ತಾರೆ, ಇಗರ್ಜಿಯಲ್ಲಿ ಅರ್ಧ ಗಂಟೆ ಇರುತ್ತಾರೆ. ಯುದ್ಧದಲ್ಲಿ ಕಳೆದುಹೋದವರ ಮನೆಯವರು ನಮ್ಮಲ್ಲಿ ಯಾರಾದರೂ ಇದ್ದರೆ ಹೆಸರು ಕೊಡಬಹುದು. ಪೋಪರ ಕಡೆಯವರ ರೀತಿ ಬೇರೆಯಂತೆ. ಯಾರು ಸರಿ, ಯಾರು ತಪ್ಪು ಎಂದು ಮೊದಲು ಕೇಳುವುದಿಲ್ಲ, ಹೆಸರು ಕೇಳುತ್ತಾರೆ. ಈ ಕಡೆಯ ಹೆಸರನ್ನು ಆ ಕಡೆಗೆ ಒಯ್ದು, ಆ ಕಡೆಯದ್ದನ್ನು ಈ ಕಡೆಗೆ ತಂದು, "ಇವನು ನಿಮ್ಮಲ್ಲಿ ಇದ್ದಾನೆಯೇ?" ಎಂದು ವಿಚಾರಿಸುತ್ತಾರೆ. ಶಾಂತಿ ಎಂದರೆ ನಾನು ಪಾರಿವಾಳ ಬಿಡುವುದು ಎಂದುಕೊಂಡಿದ್ದೆ. ಅದು ಗುಮಾಸ್ತಿಕೆ ಎಂದು ಆಗ ಗೊತ್ತಾಯಿತು — ನನ್ನದೇ ಕಸುಬು.

ಏಳು ಹೆಸರು ಬಂದವು. ಮೆಲ್ವಿನ್, ಇಬ್ಬರು ನೇಪಾಳದವರು, ಒಬ್ಬ ಲಂಕೆಯವನು. ನಮ್ಮ ಇಗರ್ಜಿಗೆ ಬರುವ ಒಬ್ಬ ಉಕ್ರೇನಿನ ಹೆಂಗಸಿನ ತಮ್ಮ. ರಷ್ಯಾದ ಒಬ್ಬ ಮುದುಕಿಯ ಇಬ್ಬರು ಮೊಮ್ಮಕ್ಕಳು. ಒಬ್ಬರ ಮೇಲೊಬ್ಬರು ಗುಂಡು ಹಾರಿಸಿದವರನ್ನು ಒಂದೇ ಹಾಳೆಯಲ್ಲಿ, ಒಂದೇ ಅಕ್ಷರದಲ್ಲಿ ಕೂರಿಸಲು ಫಾದರ್ ಹೇಳಿದರು. ಟೈಪ್ ಮಾಡುವಾಗ ಲವೀನಾ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಳು.

"ಮಾಮ್, ಎಡಗೈಯಲ್ಲಿ ಒಂದು ಸುಟ್ಟ ಕಲೆ ಉಂಟು, ಒವನಿನದ್ದು. ಅದೂ ಹಾಕಿ."

"ಹಾಕಿದೆ ಬಾಯೆ. ನೀನು ಹೀಗೆ ಹಿಂದೆ ನಿಂತರೆ ನನ್ನ ಬೆರಳಿಗೆ ನಾಚಿಕೆ ಆಗ್ತದೆ."

ಅವಳು ನಕ್ಕಳು. ಎಷ್ಟೋ ತಿಂಗಳ ಮೇಲೆ ನಕ್ಕಿದ್ದಂತೆ. ಅದನ್ನೂ ನಾನು ನಾಲ್ಕು ಜನರ ಮುಂದೆ ಕೊಚ್ಚಿಕೊಂಡೆ.

ಟೈಪ್ ಮಾಡಿದ್ದು ನಾನು, ಕೊಡುವವನು ಬೋನಿ. ಕಾರ್ಯದರ್ಶಿ ತಾನೇ! ವಾರವಿಡೀ ಕನ್ನಡಿಯ ಮುಂದೆ ಇಟಾಲಿಯನ್ನಿನಲ್ಲಿ ನಮಸ್ಕಾರ ಹೇಳಲು ಕಲಿತ. ಹೊಸ ಟೈ ತಂದ. "ಏ ಸಿಲ್ಲು, ಹಾಳೆ ಮಡಚಬೇಡ ಮಾರಾಯ. ಪೋಪ್ ನೋಡುವ ಹಾಳೆ ಅದು."

"ನಿನ್ನ ಮೋರೆ ನೋಡಿದ ಮೇಲೆ ಪೋಪ್ ಮತ್ತೆಂತ ನೋಡ್ತಾರೆ ಮಾರಾಯ?"

ಹೊಟ್ಟೆಕಿಚ್ಚು — ಇನ್ನೇನು ಹೇಳಲಿ ಅದಕ್ಕೆ? ಆ ದಿನಗಳಲ್ಲೇ ಬೋನಿಯ ಹೆಂಡತಿ ಸಂಘದ ಕುಸ್ವಾರ್ ಪಟ್ಟಿಯನ್ನು ಫೋಟೋಕಾಪಿಗೆಂದು ನನ್ನ ಅಂಗಡಿಯಲ್ಲಿ ಬಿಟ್ಟುಹೋಗಿದ್ದಳು. ಕುಸ್ವಾರ್ ಎಂದರೆ ಕ್ರಿಸ್ಮಸ್ಸಿಗೆ ನಮ್ಮವರು ಮಾಡಿ ಹಂಚುವ ತಿಂಡಿ. ಯಾರಿಗೆ ಎಷ್ಟು ಕಿಲೋ ನೆವ್ರಿ, ಎಷ್ಟು ಕಿಡಿಯೊ, ಎಷ್ಟು ತುಕ್ಡಿ — ಎಲ್ಲ ಕೊಂಕಣಿಯಲ್ಲಿ, ಕನ್ನಡ ಅಕ್ಷರದಲ್ಲಿ, ಕೈಬರಹದಲ್ಲಿ. ಅದರ ಒಂದು ಕಾಪಿಯನ್ನು ಅಂಥದ್ದೇ ಕಂದು ಲಕೋಟೆಯಲ್ಲಿ ಹಾಕಿ ಅಂಟಿಸಿದೆ. ದೂತರು ಬಂದ ದಿನ ಇಗರ್ಜಿಯ ಅಂಗಳದಲ್ಲಿ ಬೋನಿಯ ಟೈ ಸರಿಮಾಡುವ ನೆಪದಲ್ಲಿ ಅವನ ಲಕೋಟೆ ತೆಗೆದು ಇದನ್ನು ಕೈಗಿತ್ತೆ. ಲೆಕ್ಕಾಚಾರ ಸರಳ. ದೂತರು ತೆರೆಯುತ್ತಾರೆ, ಕಣ್ಣು ಕಿರಿದು ಮಾಡುತ್ತಾರೆ, ಬೋನಿ ಬೆವರುತ್ತಾನೆ, ನಾನು ಒಳಜೇಬಿನಿಂದ ಅಸಲಿಯನ್ನು ತೆಗೆದು ಮುಂದೆ ಬರುತ್ತೇನೆ. ನಗು, ಚಪ್ಪಾಳೆ, ಫೋಟೋ.

ಅವರು ತೆರೆಯಲಿಲ್ಲ.

ಎಲ್ಲವನ್ನೂ ಯೋಚಿಸಿದ್ದೆ, ಇದೊಂದನ್ನು ಬಿಟ್ಟು. ತೆಳ್ಳಗಿನ, ಬೆನ್ನು ಸ್ವಲ್ಪ ಬಾಗಿದ ಆ ಮನುಷ್ಯ ಲಕೋಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಅಂಟಿಸಿದ ಅಂಚಿನ ಮೇಲೆ ಬೆರಳು ಓಡಿಸಿದರು. ಅವರ ಇಂಗ್ಲಿಷ್ ಮಾತನ್ನು ಫಾದರ್ ನಮಗೆ ತಿಳಿಸಿ ಹೇಳಿದರು: "ದಾರಿಯಲ್ಲಿ ಇದನ್ನು ಯಾರೂ ತೆರೆಯುವುದಿಲ್ಲ. ನಾನು ಕೂಡ. ಒಂದು ಹೆಸರು ಸೇರಿಸಿದರು, ಒಂದು ತೆಗೆದರು ಎಂದು ನಾಳೆ ಯಾವ ಕಡೆಯವರೂ ಹೇಳಬಾರದಲ್ಲ." ಲಕೋಟೆ ಚರ್ಮದ ಚೀಲಕ್ಕೆ ಹೋಯಿತು. ಚೀಲಕ್ಕೆ ಬೀಗ ಬಿತ್ತು.

ಅವರಿಗೂ ಕಾರಿಗೂ ನಡುವೆ ಇಪ್ಪತ್ತು ಹೆಜ್ಜೆ. ನನ್ನ ಕೈ ಒಳಜೇಬಿನಲ್ಲಿತ್ತು. "ಒಂದು ನಿಮಿಷ ಸ್ವಾಮಿ" — ಇಷ್ಟೇ ಸಾಕಿತ್ತು. ಆದರೆ ಆಗ ನಗು ಬರುತ್ತಿರಲಿಲ್ಲ. ಆರು ಮನೆಯವರು ಅಲ್ಲೇ ನಿಂತಿದ್ದರು. ನನ್ನನ್ನು ಹೇಗೆ ನೋಡುತ್ತಿದ್ದರೋ... ಊರನ್ನೆಲ್ಲ ನಗೆಪಾಟಲು ಮಾಡಿದವನಿಗೆ ತನ್ನ ಮುಖ ಕೆಡುವ ಭಯ. ಕಾರು ಹೋಯಿತು. ಬೋನಿ ನನ್ನತ್ತ ತಿರುಗಿ ಕಣ್ಣು ಹೊಡೆದ. "ನೋಡಿದಿಯಾ? ಇವತ್ತು ನಿನ್ನ ಆಟ ನಡೀಲಿಲ್ಲ."

ಲವೀನಾ ಓಡಿ ಬಂದಳು. ಬೋನಿಯ ಹತ್ತಿರ ಅಲ್ಲ, ನನ್ನ ಹತ್ತಿರ — ಟೈಪ್ ಮಾಡಿದವನು ನಾನಲ್ಲವೇ.

"ಮಾಮ್, ಹೆಸರು ಇತ್ತಲ್ಲ? ಎಲ್ಲ ಸರಿ ಹೋಯ್ತಲ್ಲ?"

"ಹೋಯ್ತು ಬಾಯೆ. ಮೂರನೆಯದ್ದು ಅವನದ್ದೇ."

ಮರುದಿನ ಕೊರಿಯರ್ ಮಾಡಬಹುದಿತ್ತು. ಫಾದರಿಗೆ ಒಂದು ಮಾತು ಹೇಳಿದ್ದರೆ ಅವರೇ ಇನ್ನೊಂದು ದಾರಿ ಹುಡುಕುತ್ತಿದ್ದರು. ಮೊದಲ ವಾರ, ಈ ಶನಿವಾರ ಹೇಳುತ್ತೇನೆ ಎಂದುಕೊಂಡೆ. ಎರಡನೇ ವಾರ, ಇಷ್ಟು ತಡ ಯಾಕೆ ಎಂದು ಕೇಳಿದರೆ ಏನು ಹೇಳಲಿ ಎಂದುಕೊಂಡೆ. ಆಮೇಲೆ ತಡವೇ ಒಂದು ಗೋಡೆಯಾಯಿತು. ಲಕೋಟೆಯನ್ನು ಮೇಜಿನ ಕೆಳಗಿನ ಡ್ರಾವರಿಗೆ ಹಾಕಿ ಬೀಗ ಹಾಕಿದೆ. ಪಾಪನಿವೇದನೆಗೂ ಹೋದೆ; ಇದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿ ಬಂದೆ. ರೋಮಿನಲ್ಲಿ ಆ ಪಟ್ಟಿ ತೆರೆದವರು ಏನು ಮಾಡಿದರೋ. ಗುರುತಿಲ್ಲದ ಲಿಪಿ, ನೆವ್ರಿಯನ್ನೂ ತುಕ್ಡಿಯನ್ನೂ ಯಾರೋ ತಾಯಂದಿರು ಅಳುತ್ತಾ ಬರೆದ ಮಕ್ಕಳ ಹೆಸರು ಎಂದುಕೊಂಡು ಹಗಲಿಡೀ ತಡಕಾಡಿದರೋ ಏನೋ. ಈ ಯೋಚನೆ ಮೊದಲ ಸಲ ಬಂದಾಗ — ಹೇಳಿಬಿಡುತ್ತೇನೆ — ನಾನು ನಕ್ಕಿದ್ದೆ.

ಕೈದಿಗಳ ವಿನಿಮಯ ಆಯಿತು. ಒಂದಲ್ಲ, ಹಲವು ಸಲ. ಬೋಳುತಲೆಯ ಗಂಡಸರು ಬಸ್ಸಿನಿಂದ ಇಳಿಯುವ ವೀಡಿಯೊಗಳನ್ನು ಲವೀನಾ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದಳು, ಎಡಗೈ ಹುಡುಕುತ್ತ. ಅವನು ಬರಲಿಲ್ಲ. ಉತ್ತರವೂ ಬರಲಿಲ್ಲ. ಒಂದು ವರ್ಷ ಕಳೆದಾಗ ಅವಳು ನನಗೇ ಹೇಳಿದಳು: "ಪೋಪಿನವರೇ ಕೇಳಿದ ಮೇಲೂ 'ಉಂಟು' ಅಂತ ಹೇಳಲಿಲ್ಲ ಅಂದ್ರೆ ಇಲ್ಲ ಅಂತಲೇ ಅಲ್ವಾ ಮಾಮ್?" ನಾನು ಅವಳ ತಲೆ ಸವರಿದೆ. ಆ ಕೈಯನ್ನು... ಇರಲಿ. ಅವಳು ಸತ್ತವರ ಪೂಜೆ ಮಾಡಿಸಿದಳು, ಕರಿಮಣಿ ತೆಗೆದಿಟ್ಟಳು. ಅಂದು ಮೊದಲ ಬೆಂಚಿನಲ್ಲಿ ಕೂತು ಗಟ್ಟಿಯಾಗಿ ಆಮೆನ್ ಹೇಳಿದವನು ನಾನು.

ಹೋದ ತಿಂಗಳು ಫಾದರ್ ಕರೆಸಿದರು. ಊರಿನಲ್ಲಿ ಲವೀನಾಳಿಗೆ ಒಂದು ಸಂಬಂಧ ನೋಡಿದ್ದಾರಂತೆ, ಒಳ್ಳೆಯ ಮನುಷ್ಯ. ಆದರೆ ಹೆಣ ಸಿಗದವನ ಹೆಂಡತಿಗೆ ನಮ್ಮಲ್ಲಿ ಸುಲಭಕ್ಕೆ ಇನ್ನೊಂದು ಮದುವೆ ಇಲ್ಲ. ಗಂಡ ಸತ್ತಿದ್ದಾನೆಂದು ನಂಬಲು ಸಾಕಷ್ಟು ಕಾರಣ ಉಂಟು ಎಂದು ಬಿಷಪರು ತೀರ್ಮಾನಿಸಬೇಕು. ಅದಕ್ಕೆ ಸಾಕ್ಷಿ ಬೇಕು. ಫಾದರ್ ಹಾಳೆಯನ್ನು ನನ್ನ ಮುಂದೆ ತಳ್ಳಿದರು. ಮೆಲ್ವಿನನ ಹೆಸರಿದ್ದ ಪಟ್ಟಿಯನ್ನು ನಾನೇ ಟೈಪ್ ಮಾಡಿದ್ದೇನೆ, ಅದು ಪೋಪರ ದೂತರಿಗೆ ತಲುಪಿದೆ, ಉತ್ತರ ಬಂದಿಲ್ಲ ಎಂದು ಅದರಲ್ಲಿತ್ತು. ಪಕ್ಕದಲ್ಲಿ, ಪ್ರಮಾಣ ಮಾಡಲು, ಬೈಬಲ್.

"ನಿಮ್ಮ ಸಹಿ ಒಂದೇ ಬಾಕಿ ಸಿಲ್ಲು ಮಾಮ್."

ಇಡೀ ಜನ್ಮ ಬೇರೆಯವರ ಅರ್ಜಿಗಳಲ್ಲಿ "ಇಲ್ಲಿ ಸಹಿ" ಎಂದು ಬೆರಳಿಟ್ಟು ತೋರಿಸಿದವನು ನಾನು. ನನ್ನ ಒಂದು ಸಹಿಯಿಂದ ಒಬ್ಬ ಮನುಷ್ಯ ಸಾಯುತ್ತಿದ್ದ. ಪೆನ್ನು ಕೆಳಗಿಟ್ಟೆ. ಅಲ್ಲಿಂದ ನೇರ ಅಂಗಡಿಗೆ ಹೋಗಿ, ಡ್ರಾವರ್ ತೆಗೆದು, ಟ್ಯಾಕ್ಸಿ ಹಿಡಿದು ಬನಿಯಾಸಿಗೆ ಹೋದೆ.

ಲವೀನಾ ಕೆಲಸ ಮುಗಿಸಿ ಬಂದು ಇನ್ನೂ ಚಪ್ಪಲಿ ಬಿಚ್ಚಿರಲಿಲ್ಲ. ಎಲ್ಲ ಹೇಳಿದೆ. ಮೊದಲು ಅವಳಿಗೆ ಇದೂ ನನ್ನದೊಂದು ಆಟ ಅನ್ನಿಸಿತು. "ಎಂತ ಮಾಮ್ ನೀವು, ಇಂಥದ್ದರಲ್ಲಿ ತಮಾಷೆ ಮಾಡ್ತಾರಾ?" ಲಕೋಟೆ ಕೊಟ್ಟೆ. ಹರಿದು ನೋಡಿದಳು. ಮೂರನೆಯ ಹೆಸರಿನ ಮೇಲೆ ಬೆರಳಿಟ್ಟಳು.

"ಹಾಗಾದ್ರೆ ಅವನನ್ನು ಯಾರೂ ಕೇಳಲೇ ಇಲ್ಲ."

ನಾನು ಏನೋ ಹೇಳಹೊರಟೆ.

"ನೀವು ಮಾತಾಡಬೇಡಿ ಮಾಮ್. ನಾನು ಅವನಿಗೆ ಪೂಜೆ ಮಾಡಿಸಿಬಿಟ್ಟೆ. ಅವನು ಅಲ್ಲಿ ಎಲ್ಲೋ ಕೂತು — ನಮ್ಮವರು ಯಾರಾದ್ರೂ ಕೇಳ್ತಾರೆ ಅಂತ — "

ಒಳಗೆ ಹೋಗಿ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟಳು. "ಟೈಪ್ ಮಾಡಿ. ಏಳೂ ಹೆಸರು." ನನ್ನ ಬೆನ್ನ ಹಿಂದೆ ನಿಂತು ಒಂದೊಂದು ಅಕ್ಷರವನ್ನೂ ಓದಿಸಿದಳು. ಮುಗಿದ ಮೇಲೆ ಹಾಳೆಯನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಫಾದರ್ ಬಳಿಗೆ ಒಯ್ದಳು.

ಉಳಿದ ಐದು ಮನೆಗಳಿಗೂ ಹೋಗಿ ಹೇಳಿದ್ದೇನೆ. ರಷ್ಯಾದ ಮುದುಕಿ ಬಾಗಿಲು ತೆರೆಯಲಿಲ್ಲ. ನೇಪಾಳದ ಒಬ್ಬ ಬೇರೆ ದಾರಿಯಲ್ಲಿ ಯಾವಾಗಲೋ ಮನೆ ಸೇರಿದ್ದಾನಂತೆ. ಅದರಿಂದ ನನ್ನ ಪಾಪ ಒಂದು ಹನಿಯೂ ಕಡಿಮೆಯಾಗುವುದಿಲ್ಲ. ಬೋನಿ ಈಗ ಶಿರ್ವದಲ್ಲಿದ್ದಾನೆ, ದೂತರಿಗೆ ಲಕೋಟೆ ಕೊಡುವ ಫೋಟೋವನ್ನು ಗೋಡೆಗೆ ಹಾಕಿಕೊಂಡಿದ್ದಾನೆ. ಫೋನ್ ಮಾಡಿದೆ. ಎಲ್ಲ ಕೇಳಿ, "ಲಾಂಡ್ರಿ ಚೀಟಿಗೆ ನಾನು ನಗಬಾರದಿತ್ತು" ಎಂದ. ಮತ್ತೆ ನನ್ನ ಫೋನ್ ಎತ್ತಿಲ್ಲ.

ಹೊಸ ಪಟ್ಟಿ ಹೋಗಿದೆ. ಉತ್ತರ ಇನ್ನೂ ಬಂದಿಲ್ಲ. ಊರಿನ ಸಂಬಂಧವನ್ನು ಲವೀನಾ ಬೇಡವೆಂದಳು. ಕರಿಮಣಿಯನ್ನು ಮತ್ತೆ ಹಾಕಿಕೊಂಡಿಲ್ಲ, ಗಂಡನ ಮನೆಯವರಿಗೂ ಹಿಂದಿರುಗಿಸಿಲ್ಲ. ಅವಳನ್ನು ಹೆಂಡತಿಯೂ ಅಲ್ಲದ, ವಿಧವೆಯೂ ಅಲ್ಲದ ಜಾಗದಲ್ಲಿ ತಂದು ನಿಲ್ಲಿಸಿದವನು ಯಾವ ಏಜೆಂಟೂ ಅಲ್ಲ, ಯಾವ ಸೈನ್ಯವೂ ಅಲ್ಲ.

ಇದನ್ನು ಅಚ್ಚಿಗೆ ಕೊಡುವ ಮೊದಲು ಅವಳಿಗೆ ಓದಲು ಕೊಟ್ಟೆ. ಅವಳ ಹೆಸರು, ಅವನ ಹೆಸರು ಎಲ್ಲ ಇರಲಿ ಎಂದಳು. ಪೆನ್ನು ಕೇಳಿ ಕೊನೆಯ ಒಂದು ವಾಕ್ಯವನ್ನು ಮಾತ್ರ ಹೊಡೆದುಹಾಕಿದಳು. ನಾನು ಕ್ಷಮೆ ಕೇಳಿದ್ದ ವಾಕ್ಯ ಅದು.